ಡಿಗ್ರಿ ಹುಡುಗಿಯರಿಗೆ ಯಾಕೆ ಆ ಯಂತ್ರ?

"ಡಿಗ್ರಿ ಓದುವ ಹುಡುಗಿಯರಿಗೆ ಅಷ್ಟು ದುಬಾರಿ ಯಂತ್ರ ಯಾಕೆ?" ಈ ಮಾತನ್ನು ನಾನು ಚಿಕ್ಕಬಳ್ಳಾಪುರದಲ್ಲಿ ಕೇಳಿದ್ದೇನೆ, ಚಿಂತಾಮಣಿಯಲ್ಲಿ ಕೇಳಿದ್ದೇನೆ, ಒಮ್ಮೆ ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲೂ ಕೇಳಿದ್ದೇನೆ. ಹೇಳುವವರು ಕೆಟ್ಟವರಲ್ಲ. ಕೆಲವರು ಕಾಲೇಜುಗಳ ಅಭಿವೃದ್ಧಿ ಸಮಿತಿಯಲ್ಲಿರುವ ಹಿರಿಯರು, ಕೆಲವರು ನಮ್ಮ ಹಾಗೆಯೇ ಪಾಠ ಹೇಳುವವರು. ಹೆಣ್ಣುಮಕ್ಕಳು ಓದಲಿ ಎಂದು ಮನಸಾರೆ ಬಯಸುವವರೇ. ಆದರೆ ಓದು ಎಂದರೆ ಅವರ ಮನಸ್ಸಿನಲ್ಲಿ ನೋಟ್ಸು, ಪರೀಕ್ಷೆ, ಸರ್ಟಿಫಿಕೇಟು, ಅಷ್ಟೆ. ಬಿ.ಎಸ್ಸಿ. ಹುಡುಗಿ ಯಂತ್ರ ಮುಟ್ಟಬೇಕು, ಅದರ ಮುಂದೆ ಕೂತು ತನ್ನದೊಂದು ಪ್ರಶ್ನೆಗೆ ಉತ್ತರ ಹುಡುಕಬೇಕು ಎಂದರೆ ಅವರಿಗೆ ಅದು ಅತಿಯಾಸೆ ಎನಿಸುತ್ತದೆ.

ಅವರು ದುಬಾರಿ ಎನ್ನುವ ಯಂತ್ರ ಯಾವುದು? ರೋಹಿತ ನೋಡುವ ಯಂತ್ರ, ಕಾಲೇಜಿನವರ ಬಾಯಲ್ಲಿ ಸ್ಪೆಕ್ಟ್ರೋಫೋಟೋಮೀಟರ್. ಹೆಸರು ಕೇಳಿ ಹೆದರಬೇಡಿ. ಉಪ್ಪು ಹಾಕಿದ ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ಗ್ಯಾಸಿನ ನೀಲಿ ಉರಿ ಗಬಕ್ಕನೆ ಹಳದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಉಪ್ಪಿನಲ್ಲಿರುವ ಸೋಡಿಯಂ ಹಾಕುವ ರುಜು. ಒಂದೊಂದು ಧಾತುವಿಗೂ ಇಂಥದ್ದೇ ಬೆಳಕಿನ ರುಜು ಉಂಟು. 1859ರ ಹೊತ್ತಿಗೆ ಜರ್ಮನಿಯ ಬುನ್ಸೆನ್ ಮತ್ತು ಕಿರ್ಕಾಫ್ ಎಂಬಿಬ್ಬರು ಇದನ್ನೇ ಹಿಡಿದು ಒಂದು ಶಾಸ್ತ್ರ ಕಟ್ಟಿದರು. ಉರಿಯ ಬಣ್ಣವನ್ನು ಗಾಜಿನ ಪಟ್ಟಕದಲ್ಲಿ ಬಿಡಿಸಿ ನೋಡುತ್ತಲೇ ಸೀಸಿಯಂ, ರುಬಿಡಿಯಂ ಎಂಬ ಎರಡು ಹೊಸ ಧಾತುಗಳನ್ನು ಕಂಡುಹಿಡಿದರು. ಇನ್ನೊಂದು ಬಗೆಯೂ ಇದೆ. ಕಾಫಿ ಡಿಕಾಕ್ಷನ್ನನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬೆಳಕಿಗೆ ಹಿಡಿದರೆ ಗಟ್ಟಿಯೋ ನೀರೋ ಎಂದು ಗೊತ್ತಾಗುತ್ತದಲ್ಲ, ಅದನ್ನೇ ಈ ಯಂತ್ರ ಅಂಕಿಯಲ್ಲಿ ಹೇಳುತ್ತದೆ. ಒಂದು ಬಣ್ಣದ ಬೆಳಕನ್ನು ದ್ರಾವಣದ ಮೂಲಕ ಹಾಯಿಸಿ ಎಷ್ಟು ಬೆಳಕು ಅಲ್ಲೇ ಉಳಿಯಿತು ಎಂದು ಅಳೆದರೆ, ಅದರಲ್ಲಿ ಕರಗಿರುವುದು ಎಷ್ಟು ಎಂಬ ಲೆಕ್ಕ ಸಿಗುತ್ತದೆ. ನಮ್ಮ ಕಣ್ಣು ಅಂದಾಜು ಮಾಡುತ್ತದೆ, ಯಂತ್ರ ಮಿಲಿಗ್ರಾಂ ಹೇಳುತ್ತದೆ.

ನಾನು ಓದಿದ್ದು ಬಿ.ಎ., ಬಿ.ಇಡಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. "ರಸಾಯನಶಾಸ್ತ್ರದ ಉಸಾಬರಿ ನಿಮಗೇಕೆ ಮೇಡಂ?" ಎಂದು ಒಬ್ಬರು ನಗುತ್ತಲೇ ಕೇಳಿದರು. ಇದು ರಸಾಯನಶಾಸ್ತ್ರದ ಪ್ರಶ್ನೆ ಮಾತ್ರವಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಯಾರ ಪಾಲಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ಇದು. ಅದನ್ನು ಕೇಳಲು ಬಿ.ಎ. ಸಾಕು.

ನಮ್ಮ ಜಿಲ್ಲೆಯ ನೀರಿನಿಂದ ಶುರು ಮಾಡುತ್ತೇನೆ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಗೆ ವರ್ಷವಿಡೀ ಹರಿಯುವ ಒಂದು ನದಿಯಿಲ್ಲ. ನಂದಿಯ ಸುತ್ತಿನ ಬೆಟ್ಟಸಾಲಿನಲ್ಲಿ ಪಿನಾಕಿನಿಯರು ಹುಟ್ಟುತ್ತಾರೆ ಎಂದು ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೇಳುವಾಗ ಕಿಟಕಿಯಾಚೆ ನೋಡಿದರೆ ಟ್ಯಾಂಕರು ಹೋಗುತ್ತಿರುತ್ತದೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿ ಆಳಕ್ಕೆ ಇಳಿದ ಹಾಗೆಲ್ಲ ಕಲ್ಲಿನೊಳಗಿನ ಫ್ಲೋರೈಡು ನೀರಿಗೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಸೈ ಎನ್ನುತ್ತದೆ ಭಾರತೀಯ ಮಾನಕ. ಅದಕ್ಕಿಂತ ಮೀರಿದ್ದನ್ನು ಚಿಕ್ಕಂದಿನಿಂದ ಕುಡಿದ ಮಗುವಿನ ಹಲ್ಲಿನ ಮೇಲೆ ಮೊದಲು ಸುಣ್ಣದಂಥ ಬಿಳಿ ಚುಕ್ಕೆ, ಆಮೇಲೆ ಕಂದು ಗೆರೆ. ನನ್ನ ತರಗತಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುವ ಹುಡುಗಿಯರಿದ್ದಾರೆ. ಹುಡುಗರು ಹಾಗೆ ನಗುವುದಿಲ್ಲ. ಹೆಣ್ಣು ನೋಡಲು ಬಂದವರು ಹಲ್ಲು ನೋಡುತ್ತಾರೆ ಎಂಬ ಮಾತು ಆ ಹುಡುಗಿಯರ ಕಿವಿಗೆ ಹತ್ತು ವರ್ಷ ತುಂಬುವ ಮೊದಲೇ ಬಿದ್ದಿರುತ್ತದೆ.

ಫ್ಲೋರೈಡು ಒಂದೇ ಅಲ್ಲ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲವನ್ನು ಬೆಂಗಳೂರಿನ ವಿಜ್ಞಾನಿಗಳು ಪರೀಕ್ಷಿಸಿದಾಗ 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿತ್ತು ಎಂದು 2021ರಲ್ಲಿ ವರದಿಯಾಯಿತು. ಆ ಪಟ್ಟಿಯಲ್ಲಿ ನಮ್ಮ ಜಿಲ್ಲೆಯೂ ಇತ್ತು. ಇನ್ನು ಹೆಬ್ಬಾಳ-ನಾಗವಾರ ಕಣಿವೆಯಿಂದ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ. ಒಣಗಿದ ಕೆರೆಯಲ್ಲಿ ನೀರು ಕಂಡಾಗ ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂರನೆಯ ಹಂತದ ಶುದ್ಧೀಕರಣ ಆಗದ ನೀರಿದು, ಇದರಲ್ಲಿ ಸೀಸ, ಕ್ಯಾಡ್ಮಿಯಂ ಇದೆಯೋ ಇಲ್ಲವೋ ಎಂದು ರೈತ ಸಂಘದವರು ಕೇಳುತ್ತಲೇ ಬಂದಿದ್ದಾರೆ. ಇದೆ ಎನ್ನುವವರು ಒಂದು ಕಡೆ, ಇಲ್ಲ ಎನ್ನುವವರು ಇನ್ನೊಂದು ಕಡೆ. ನಡುವೆ ಅದೇ ನೀರಿನ ಪಸೆ ಸೇರಿದ ಬಾವಿಯಿಂದ ಕೊಡ ತುಂಬುವವರು ನಾವು, ಹೆಂಗಸರು.

ಇದನ್ನು ಅಳೆಯುವುದು ಹೇಗೆ? ಫ್ಲೋರೈಡಿಗೆ ಒಂದು ಸರಳ ವಿಧಾನವಿದೆ. ಜಿರ್ಕೋನಿಯಂ ಬೆರೆಸಿದ ಒಂದು ಕೆಂಪು ಬಣ್ಣಕ್ಕೆ ನೀರು ಹಾಕಿದರೆ, ನೀರಿನಲ್ಲಿ ಫ್ಲೋರೈಡು ಹೆಚ್ಚಿದಷ್ಟೂ ಕೆಂಪು ತೆಳುವಾಗುತ್ತದೆ. ಎಷ್ಟು ತೆಳುವಾಯಿತು ಎಂದು 570 ನ್ಯಾನೋಮೀಟರಿನ ಬೆಳಕಿನಲ್ಲಿ ಯಂತ್ರ ಓದುತ್ತದೆ. ಇದಕ್ಕೆ ಬೇಕಾದ ಸಾಧಾರಣ ಯಂತ್ರಕ್ಕೆ ಒಂದು ಲಕ್ಷ ರೂಪಾಯಿಯ ಆಸುಪಾಸು. ನಮ್ಮ ಊರುಗಳಲ್ಲಿ ಒಂದು ಮಧ್ಯಮ ವರ್ಗದ ಮದುವೆಗೆ ಛತ್ರದ ಬಾಡಿಗೆ, ಹೂವಿನ ಅಲಂಕಾರ, ಹಿಂದಿನ ದಿನದ ಆರ್ಕೆಸ್ಟ್ರಾ ಇಷ್ಟಕ್ಕೇ ಅದಕ್ಕಿಂತ ಹೆಚ್ಚು ಹೋಗುತ್ತದೆ. ಅತಿನೇರಳೆ ಬೆಳಕನ್ನೂ ಓದುವ ಯಂತ್ರವಾದರೆ ಮೂರ್ನಾಲ್ಕು ಲಕ್ಷದಿಂದ ಮೇಲೆ. ಸೀಸ, ಕ್ಯಾಡ್ಮಿಯಂ ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ ಇನ್ನೂ ತುಟ್ಟಿ. ಒಂದೊಂದು ಲೋಹಕ್ಕೂ ಬೇರೆ ಬೇರೆ ದೀಪ ಬೇಕು, ಅಸಿಟಿಲೀನ್ ಸಿಲಿಂಡರು ಬೇಕು. ಅದು ಪ್ರತಿ ಕಾಲೇಜಿಗೂ ಬೇಕೆಂದು ನಾನು ಹೇಳುವುದಿಲ್ಲ.

ಶಿಡ್ಲಘಟ್ಟದವರು ಬೇಜಾರು ಮಾಡಿಕೊಳ್ಳಬಾರದು, ಅವರಿಗೂ ಒಂದು ಮಾತಿದೆ. ರೇಷ್ಮೆಗೂಡಿನ ಮಾರುಕಟ್ಟೆಯಿಂದ ಹೆಸರಾದ ಊರು ಅದು. ಸೀರೆ ಅಸಲಿಯೋ ನಕಲಿಯೋ ಎಂದು ನೋಡಲು ನಾವು ಅಂಚಿನ ಎಳೆ ಕಿತ್ತು ಸುಡುತ್ತೇವೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಉಂಡೆಗಟ್ಟಿ ಕರಗಿದರೆ ಪಾಲಿಯೆಸ್ಟರ್. ಅವಕೆಂಪು ಬೆಳಕಿನ ಯಂತ್ರಕ್ಕೆ ಸುಡಬೇಕಾಗಿಲ್ಲ. ಬಟ್ಟೆಯ ಚೂರನ್ನು ಒತ್ತಿ ಹಿಡಿದರೆ ಸಾಕು, ಒಂದೆರಡು ನಿಮಿಷದಲ್ಲಿ ಗೆರೆ ಮೂಡುತ್ತದೆ. ರೇಷ್ಮೆ ಪ್ರೋಟೀನು, ಅದರ ಗುರುತು 1650ರ ಆಸುಪಾಸು. ಪಾಲಿಯೆಸ್ಟರಿನದು 1720ರ ಹತ್ತಿರ. ತಾಯಿ ನೂಲು ಬಿಚ್ಚಾಣಿಕೆಯ ಬಿಸಿನೀರಿನಲ್ಲಿ ಕೈ ಬೇಯಿಸಿಕೊಂಡು ಓದಿಸಿದ ಮಗಳಿಗೆ, ತಾಯಿ ಬಿಚ್ಚಿದ ಎಳೆಯನ್ನೇ ಯಂತ್ರಕ್ಕಿಟ್ಟು ನೋಡುವ ಅವಕಾಶ ಕೊಡುವುದು ಅತಿಯಾಸೆಯೆ?

ಯಂತ್ರ ಬೇಡ ಎನ್ನುವವರು ತಪ್ಪದೆ ಎತ್ತುವ ಹೆಸರು ಸರ್ ಸಿ.ವಿ. ರಾಮನ್ ಅವರದು. ಇನ್ನೂರು ರೂಪಾಯಿಯ ಸಾಮಾನಿನಲ್ಲಿ ನೊಬೆಲ್ ತಂದರು, ನಿಮಗೆ ಲಕ್ಷ ಬೇಕೆ ಎನ್ನುತ್ತಾರೆ. ಪ್ರತಿ ವರ್ಷ ಫೆಬ್ರವರಿ 28ರ ವಿಜ್ಞಾನ ದಿನಾಚರಣೆಯ ಭಾಷಣದಲ್ಲಿ ಈ ಇನ್ನೂರು ರೂಪಾಯಿ ಬಂದೇ ಬರುತ್ತದೆ. ಬಡತನವನ್ನು ಸದ್ಗುಣ ಮಾಡಿ ತೋರಿಸಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ. ಆದರೆ ಕಥೆಯಲ್ಲಿ ಬಿಟ್ಟುಹೋದದ್ದನ್ನೂ ಹೇಳಬೇಕಲ್ಲ. ರಾಮನ್ ಕೆಲಸ ಮಾಡಿದ ಕಲ್ಕತ್ತೆಯ ಸಂಸ್ಥೆ 1876ರಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ಡಾಕ್ಟರು ಊರವರಿಂದ ಚಂದಾ ಎತ್ತಿ ಕಟ್ಟಿದ್ದು. ಸೂರ್ಯನ ಬೆಳಕನ್ನು ಒಟ್ಟುಗೂಡಿಸಲು ಅಲ್ಲಿ ಏಳು ಅಂಗುಲದ ದೂರದರ್ಶಕವಿತ್ತು. ಕಣ್ಣಿಗೆ ಕಂಡದ್ದನ್ನು ಫೋಟೋ ತೆಗೆದು ರುಜುವಾತು ಮಾಡಲು ಇಂಗ್ಲೆಂಡಿನ ಹಿಲ್ಗರ್ ಕಂಪನಿಯ ಕ್ವಾರ್ಟ್ಸ್ ರೋಹಿತಲೇಖಿ ಇತ್ತು. ಅದೂ ಯಂತ್ರವೇ, ಆ ಕಾಲದ ಒಳ್ಳೆಯ ಯಂತ್ರ. ಅದಿಲ್ಲದಿದ್ದರೆ 1928ರಲ್ಲಿ ಜಗತ್ತು ಅವರ ಮಾತನ್ನು ಅಷ್ಟು ಬೇಗ ನಂಬುತ್ತಿರಲಿಲ್ಲ.

ಅದೇ ರಾಮನ್ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯ ನಿರ್ದೇಶಕರಾದಾಗ, 1933ರಲ್ಲಿ, ಮುಂಬಯಿಯಲ್ಲಿ ಬಿ.ಎಸ್ಸಿ. ಮೊದಲ ಸ್ಥಾನದಲ್ಲಿ ಪಾಸಾಗಿದ್ದ ಕಮಲಾ ಭಾಗವತ್ ಅವರನ್ನು ಹೆಣ್ಣು ಎಂಬ ಕಾರಣಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥ ಇರಲಿ ಎಂದು ಷರತ್ತು ಹಾಕಿ ಸೇರಿಸಿಕೊಂಡರು. ಮುಂದೆ ಕಮಲಾ ಸೊಹೋನಿ ಎಂಬ ಹೆಸರಿನಲ್ಲಿ ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಲ್ಲಿ ಡಾಕ್ಟರೇಟ್ ಪಡೆದರು. ಇನ್ನೊಬ್ಬರು ಅನ್ನಾ ಮಣಿ. 1940ರಲ್ಲಿ ರಾಮನ್ ಅವರ ಪ್ರಯೋಗಶಾಲೆಗೆ ಬಂದು ವಜ್ರ, ಮಾಣಿಕ್ಯಗಳ ರೋಹಿತ ತೆಗೆದವರು. ಒಂದೊಂದು ಫೋಟೋ ಫಲಕಕ್ಕೆ ಹದಿನೈದು ಇಪ್ಪತ್ತು ಗಂಟೆ ಬೆಳಕು ಬೀಳಬೇಕು. ರಾತ್ರಿಯೆಲ್ಲ ಪ್ರಯೋಗಶಾಲೆಯಲ್ಲೇ ಕಳೆಯುತ್ತಿದ್ದರು. ಒಬ್ಬರೇ ಐದು ಪ್ರಬಂಧ ಬರೆದು ಪ್ರಕಟಿಸಿದರು. ಆದರೂ ಎಂ.ಎಸ್ಸಿ. ಇಲ್ಲವೆಂದು ಮದರಾಸು ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಲಿಲ್ಲ. ನೋಡಿ, ಅನ್ನಾ ಮಣಿಯವರ ಕೈಗೆ ಪದವಿ ಸಿಗದಿದ್ದರೂ ಯಂತ್ರ ಸಿಕ್ಕಿತ್ತು. ಅದರಿಂದಲೇ ಅವರು ಅನ್ನಾ ಮಣಿ ಆದರು. ಮುಂದೆ ಹವಾಮಾನ ಇಲಾಖೆಗೆ ಸೇರಿ ದೇಶಕ್ಕೆ ಬೇಕಾದ ಉಪಕರಣಗಳನ್ನು ಇಲ್ಲಿಯೇ ತಯಾರಿಸುವಂತೆ ಮಾಡಿದರು. ನಮ್ಮ ಹುಡುಗಿಯರಿಗೆ ಇಂದು ಪದವಿ ಸಿಗುತ್ತದೆ, ಯಂತ್ರ ಸಿಗುವುದಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿ.ಎಸ್ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದಳು. ಯಂತ್ರದ ಒಳಗಿನ ದೀಪ, ಸೀಳುಕಿಂಡಿ, ಗ್ರೇಟಿಂಗು, ಡಿಟೆಕ್ಟರು ಎಲ್ಲವನ್ನೂ ಸ್ಕೇಲು ಹಿಡಿದು ಚಂದವಾಗಿ ಬರೆದು ತೋರಿಸಬಲ್ಲಳು. ಬೆಂಗಳೂರಿನ ಹೊರವಲಯದ ಒಂದು ಔಷಧಿ ಕಾರ್ಖಾನೆಗೆ ಸಂದರ್ಶನಕ್ಕೆ ಹೋದಾಗ ಅವಳ ಕೈಗೆ ಒಂದು ಪುಟ್ಟ ಚೌಕ ಕೊಳವೆ ಕೊಟ್ಟು ಯಂತ್ರದಲ್ಲಿಡು ಎಂದರಂತೆ. ಕ್ಯೂವೆಟ್ ಅಂತಾರೆ ಅದಕ್ಕೆ. ಎರಡು ಬದಿ ಮಸುಕು, ಎರಡು ಬದಿ ತಿಳಿ. ಬೆಳಕು ಹಾಯುವುದು ತಿಳಿ ಬದಿಯಲ್ಲಿ. ಅಲ್ಲಿ ಬೆರಳು ತಾಗಿದರೆ ಬೆರಳಿನ ಜಿಡ್ಡೂ ಲೆಕ್ಕಕ್ಕೆ ಸೇರುತ್ತದೆ, ಆದ್ದರಿಂದ ಮಸುಕು ಬದಿ ಹಿಡಿಯಬೇಕು. ಒಮ್ಮೆ ಮುಟ್ಟಿದವರಿಗೆ ಗೊತ್ತಿರುವ ಸಂಗತಿ. ಅವಳು ತಿಳಿ ಬದಿ ಹಿಡಿದಳು. ಎದುರಿಗಿದ್ದವರು ನಕ್ಕರಂತೆ. ಅವಳೀಗ ಗಾರ್ಮೆಂಟ್ಸಿನಲ್ಲಿ ಕ್ವಾಲಿಟಿ ಚೆಕಿಂಗ್ ಮಾಡುತ್ತಾಳೆ. ಗೌರವದ ದುಡಿಮೆಯೇ, ಇಲ್ಲ ಎನ್ನುವುದಿಲ್ಲ. ಆದರೆ ಅದಕ್ಕೆ ಮೂರು ವರ್ಷ ರಸಾಯನಶಾಸ್ತ್ರ ಓದಬೇಕಿತ್ತೆ ಎಂದು ಅವಳ ತಾಯಿ ನನ್ನನ್ನು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಬೆಂಗಳೂರು ಹತ್ತಿರವೇ ಇದೆಯಲ್ಲ, ಅಲ್ಲಿಗೆ ಸ್ಯಾಂಪಲ್ ಕಳಿಸಿದರಾಯಿತು ಎಂಬುದು ಇನ್ನೊಂದು ವಾದ. ಸರಿಯಾದ ವಾದವೇ, ಅರ್ಧದ ಮಟ್ಟಿಗೆ. ಎನ್.ಎಂ.ಆರ್. ಎಂಬ ಯಂತ್ರವನ್ನು ಯಾರೂ ಚಿಂತಾಮಣಿಗೆ ತರಿಸಬೇಕಾಗಿಲ್ಲ. ಅದು ಕೋಟಿಗಳ ಮಾತು, ಅದಕ್ಕೆ ದ್ರವ ಹೀಲಿಯಂ ಎರೆಯುತ್ತಲೇ ಇರಬೇಕು. ದೇಶದ ಯಾವ ಸಂಸ್ಥೆಯಲ್ಲಿ ಯಾವ ಯಂತ್ರವಿದೆ ಎಂದು ನೋಡಿ, ಸರದಿ ಕಾದಿರಿಸಿಕೊಳ್ಳುವ ಐ-ಸ್ಟೆಮ್ ಎಂಬ ವ್ಯವಸ್ಥೆಯನ್ನು 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದೆ. ಬಳಸಿಕೊಳ್ಳಲಿ. ಆದರೆ ದಿನವೂ ಬೇಕಾದದ್ದಕ್ಕೂ ಬೆಂಗಳೂರು ಎಂದರೆ ಹೇಗೆ? ಹೋಟೆಲಿನಿಂದ ಊಟ ತರಿಸಿಕೊಂಡರೆ ಹೊಟ್ಟೆ ತುಂಬೀತು, ಅಡುಗೆ ಕಲಿತ ಹಾಗಾಗುವುದಿಲ್ಲ. ಹಳ್ಳಿಯಿಂದ ಬರುವ ಹುಡುಗಿಗೆ ಸಂಜೆಯ ಬಸ್ಸು ತಪ್ಪಿದರೆ ಮಾರನೆಯ ದಿನದ ಕಾಲೇಜೇ ತಪ್ಪುತ್ತದೆ. ಅವಳನ್ನು ಬೆಂಗಳೂರಿಗೆ ಯಾರು ಕಳಿಸುತ್ತಾರೆ?

ಈ ವಾದ ಮಾಡುವವರು ಗೌರಿಬಿದನೂರಿಗೊಮ್ಮೆ ಹೋಗಿ ಬರಬೇಕು. 1960ರ ದಶಕದಿಂದ ಅಲ್ಲಿ ಪರಮಾಣು ಶಕ್ತಿ ಇಲಾಖೆಯ ಭೂಕಂಪ ಮಾಪನ ಕೇಂದ್ರವಿದೆ. 1970ರ ದಶಕದಿಂದ ಸೂರ್ಯನಿಂದ, ಆಕಾಶಗಂಗೆಯಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ದೂರದರ್ಶಕವಿದೆ. ದೇಶಕ್ಕೆ ಬೇಕಾದಾಗ ದೊಡ್ಡ ಯಂತ್ರ ನಮ್ಮ ಹೊಲಗಳಿಗೆ ಬಂತು, ನಮ್ಮ ಮಕ್ಕಳಿಗೆ ಬೇಕಾದಾಗ ಸಣ್ಣ ಯಂತ್ರ ಬರಲಾರದೆ? ಅದೇ ತಾಲ್ಲೂಕಿನ ಹೊಸೂರಿನ ಹುಡುಗ ಎಚ್. ನರಸಿಂಹಯ್ಯ ಹೈಸ್ಕೂಲು ಓದಲು ಬೆಂಗಳೂರಿಗೆ ನಡೆದೇ ಹೋದರು. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿಬಂದು ಗೌರಿಬಿದನೂರಿನಲ್ಲಿ, ಬಾಗೇಪಲ್ಲಿಯಲ್ಲಿ ನ್ಯಾಷನಲ್ ಕಾಲೇಜುಗಳು ಹುಟ್ಟಲು ಕಾರಣರಾದರು. ಹಿಂದಿನಿಂದ ಬರುವವರು ನಡೆಯಬೇಕಾಗಬಾರದು ಎಂದೇ ಅಲ್ಲವೆ ಅವರು ಕಾಲೇಜನ್ನೇ ಊರಿಗೆ ತಂದದ್ದು?

ಚಿಂತಾಮಣಿಯವರಿಗಂತೂ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಅವರ ಹೆಸರಿನ ಮೊದಲ ಅಕ್ಷರ ಚಿಂತಾಮಣಿ. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಇನ್ನೂ ಮೂವತ್ತು ತುಂಬುವ ಮೊದಲೇ ಅವರು ಬರೆದ ಪುಸ್ತಕ ಯಾವುದರ ಮೇಲೆ ಗೊತ್ತೆ? ಅತಿನೇರಳೆ ಮತ್ತು ಗೋಚರ ಬೆಳಕಿನ ರೋಹಿತಶಾಸ್ತ್ರದ ಮೇಲೆ. ಅಂದರೆ, ನಾನು ಕೇಳುತ್ತಿರುವ ಇದೇ ಯಂತ್ರದ ವಿದ್ಯೆ! 2014ರಲ್ಲಿ ಅವರಿಗೆ ಭಾರತರತ್ನ ಸಂದಾಗ ಎಲ್ಲರೂ ನಮ್ಮವರು ಎಂದೆವು. ನಮ್ಮವರು ಎನ್ನುವುದಕ್ಕೆ ಖರ್ಚಿಲ್ಲ.

ಇಷ್ಟು ಹೇಳಿದ ಮೇಲೆ ಯಂತ್ರ ತರಿಸುವವರ ಮೇಲೂ ನನಗೆ ಸಿಟ್ಟಿದೆ. ಕೆಲವು ಕಡೆ ಯಂತ್ರ ಬಂದಿದೆ. ಮಾರ್ಚ್ ಕೊನೆಗೆ ಅನುದಾನ ವಾಪಸ್ ಹೋಗುತ್ತದೆಂದು ಗಡಿಬಿಡಿಯಲ್ಲಿ ತರಿಸಿದ್ದು. ನಾನೇ ಕಂಡ ಒಂದು ಕಾಲೇಜಿನಲ್ಲಿ ಅದಕ್ಕೆ ಕುಂಕುಮ ಹಚ್ಚಿ, ಹಾರ ಹಾಕಿ, ನ್ಯಾಕ್ ತಂಡದವರಿಗೆ ತೋರಿಸಿ, ಆಮೇಲೆ ಹಳೆಯ ಪರದೆಯ ಬಟ್ಟೆ ಹೊದಿಸಿ ಬೀಗ ಹಾಕಿದ್ದಾರೆ. ಆಯುಧಪೂಜೆಗೆ ಮಾತ್ರ ಬೀಗ ತೆಗೆಯುತ್ತಾರೆ. ಯಾಕೆ ಎಂದರೆ, ಕೆಟ್ಟರೆ ಯಾರು ಹೊಣೆ? ಅತಿಥಿ ಉಪನ್ಯಾಸಕಿಯ ಹೆಸರಿಗೆ ಸ್ಟಾಕ್ ಪುಸ್ತಕ ಬರೆಯುವಂತಿಲ್ಲ. ಕಾಯಂ ಉಪನ್ಯಾಸಕರು ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ, ಪಿಂಚಣಿಗೆ ಎಲ್ಲಿ ಕುತ್ತು ಬಂದೀತೋ ಎಂಬ ಭಯ. ಅಟೆಂಡರ್ ಹುದ್ದೆ ಖಾಲಿ. ಅತಿನೇರಳೆ ದೀಪದ ಆಯುಸ್ಸು ಸುಮಾರು ಸಾವಿರ ಗಂಟೆ. ಹೊಸ ದೀಪಕ್ಕೆ ದುಡ್ಡಿಟ್ಟಿಲ್ಲ. ಅವಕೆಂಪು ಯಂತ್ರದ ಒಳಗಿನ ಕಿಟಕಿ ಉಪ್ಪಿನಂಥ ವಸ್ತುವಿನದು, ಮಳೆಗಾಲದ ತೇವಕ್ಕೆ ಮಂಕಾಗುತ್ತದೆ. ತೇವ ಹೀರುವ ಸಿಲಿಕಾ ಜೆಲ್ ಬದಲಿಸಿಲ್ಲ. ಕರೆಂಟು ಹೋಗಿ ಬಂದರೆ ತಡೆಯಲು ಯು.ಪಿ.ಎಸ್. ಕೊಂಡಿಲ್ಲ. ಆನೆ ಕೊಂಡವರು ಅಂಕುಶಕ್ಕೆ ಕಾಸಿಲ್ಲ ಎಂದ ಹಾಗೆ.

ಸರ್ಕಾರದ ಲೆಕ್ಕಾಚಾರವೂ ವಿಚಿತ್ರ. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷದ ಆನರ್ಸ್ ತಂದರು, ನಾಲ್ಕನೆಯ ವರ್ಷ ಸಂಶೋಧನೆ ಮಾಡಿರಿ ಎಂದರು. ಯಾವುದರಲ್ಲಿ ಮಾಡುವುದು ಎಂದು ಹೇಳಲಿಲ್ಲ. 2024ರಲ್ಲಿ ಅದನ್ನು ತೆಗೆದು ಮತ್ತೆ ಮೂರು ವರ್ಷ ಎಂದರು. ಇತ್ತ 2022ರ ಜುಲೈಯಲ್ಲಿ, ಸರ್ಕಾರಿ ಸಂಶೋಧನಾ ಸಂಸ್ಥೆಗಳೂ ವಿಶ್ವವಿದ್ಯಾಲಯಗಳೂ ಕೊಳ್ಳುವ ವೈಜ್ಞಾನಿಕ ಉಪಕರಣಗಳಿಗಿದ್ದ ಶೇ. 5ರ ರಿಯಾಯಿತಿ ತೆರಿಗೆಯನ್ನು ಕೇಂದ್ರ ಕಿತ್ತುಹಾಕಿ ಶೇ. 18 ಮಾಡಿತು. ಪದವಿ ಕಾಲೇಜುಗಳ ವಿಜ್ಞಾನ ವಿಭಾಗಗಳಿಗೆಂದೇ 2008ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸ್ಟಾರ್ ಕಾಲೇಜು ಯೋಜನೆ ತಂದದ್ದು ನಿಜ. ಅಂಥದ್ದಕ್ಕೆ ಅರ್ಜಿ ಬರೆಯಲು ಬಲ್ಲವರು, ಬರೆಯಲು ಪುರುಸೊತ್ತಿರುವವರು ದೊಡ್ಡ ಊರಿನ ಕಾಲೇಜುಗಳಲ್ಲೇ ಹೆಚ್ಚು.

ನನ್ನ ಮಾತು ಇಷ್ಟು. ಗೋಚರ ಬೆಳಕಿನ ಸಾಧಾರಣ ಯಂತ್ರ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ನಾಲ್ಕೂ ಊರಿನಲ್ಲಿ, ವಿಜ್ಞಾನ ಕಲಿಸುವ ಪ್ರತಿ ಪದವಿ ಕಾಲೇಜಿಗೆ ಬೇಕು. ಒಂದಲ್ಲ, ನಾಲ್ಕು ಹುಡುಗಿಯರಿಗೊಂದರಂತೆ. ಅವಕೆಂಪಿನದೂ ಲೋಹ ಅಳೆಯುವುದೂ ಒಂದೊಂದು ಕಡೆ ಇಟ್ಟು ಹಂಚಿಕೊಳ್ಳಲಿ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮೂರೂ ಒಂದೇ ರೈಲುದಾರಿಯಲ್ಲಿವೆ. ಗೌರಿಬಿದನೂರಿನವರು ಮಾತ್ರ ಬಸ್ಸು ಹಿಡಿಯಬೇಕು, ಅವರ ರೈಲು ಬೇರೆ ಕಡೆಯದು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದರ ಹೊಣೆ ಹೊರಬಹುದು. ಯಂತ್ರದ ಬೆಲೆಯ ಜೊತೆಗೇ ಐದು ವರ್ಷದ ದುರಸ್ತಿ, ದೀಪ, ಯು.ಪಿ.ಎಸ್. ಸೇರಿಸಿ ಟೆಂಡರ್ ಕರೆಯಲಿ. ನೋಡಿಕೊಳ್ಳಲು ಒಬ್ಬಳನ್ನು ನೇಮಿಸಲಿ, ಅದೇ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದವಳನ್ನು. ಕಲಿಯುವವರ ಕೈಯಲ್ಲಿ ಯಂತ್ರ ಕೆಡುತ್ತದೆ, ಕೆಡಲಿ. ಕೆಟ್ಟದ್ದಕ್ಕೆ ಉಪನ್ಯಾಸಕಿಯ ಸಂಬಳ ಹಿಡಿಯುವುದಿಲ್ಲ ಎಂದು ಬರಹದಲ್ಲಿ ಕೊಡಲಿ.

ಮೊದಲ ವರ್ಷದ ಕೆಲಸ ಏನು ಎಂದು ಯಾರೂ ತಲೆ ಕೆರೆದುಕೊಳ್ಳಬೇಕಾಗಿಲ್ಲ. ಪ್ರತಿ ಹುಡುಗಿ ತನ್ನ ಮನೆಯ ಕೊಡದಿಂದ ಒಂದು ಬಾಟಲಿ ನೀರು ತರಲಿ. ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಅಳೆಯಲಿ. ಊರಿನ ಹೆಸರು, ಬೋರಿನ ಆಳ, ಫ್ಲೋರೈಡು ಎಷ್ಟು ಎಂದು ಬರೆದು ಪಂಚಾಯಿತಿ ಕಟ್ಟೆಯ ಮೇಲೆ ಅಂಟಿಸಲಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷು ಎಂದು ಮೂರು ಭಾಷೆಯ ನಡುವೆ ಬಾಯಿ ಕಟ್ಟಿಹೋದ ಹುಡುಗಿಗೆ ಪರದೆಯ ಮೇಲೆ ಮೂಡುವ ಅಂಕಿಯನ್ನು ಓದಲು ಯಾವ ಅಳುಕೂ ಇರುವುದಿಲ್ಲ.

ಮಗಳು ಬಿ.ಎಸ್ಸಿ. ಓದುತ್ತಿರುವ ತಾಯಂದಿರು ಪೋಷಕರ ಸಭೆಗೆ ಹೋಗಿ. ಗಂಡನನ್ನು ಕಳಿಸಿ ಸುಮ್ಮನಾಗಬೇಡಿ. ಯಂತ್ರ ಇದೆಯೇ ಎಂದು ಕೇಳಿದರೆ ಇದೆ ಎನ್ನುತ್ತಾರೆ. ಅದರ ಪಕ್ಕ ಒಂದು ಲಾಗ್ ಪುಸ್ತಕ ಇರಬೇಕು. ಯಾರು, ಯಾವ ದಿನ, ಎಷ್ಟು ಹೊತ್ತು ಬಳಸಿದರು ಎಂದು ಬರೆಯುವ ಪುಸ್ತಕ. ಅದನ್ನು ತೋರಿಸಿ ಎನ್ನಿ. ಅದರಲ್ಲಿ ನಿಮ್ಮ ಮಗಳ ಹೆಸರು ಎಷ್ಟು ಸಲ ಬಂದಿದೆ ಎಂದು ಎಣಿಸಿ.